ರಕ್ತರಸದ ಸಾಕ್ಷ್ಯ: ಕ್ಯಾಸನೂರು ಕಾಡಿನ ಕಾಯಿಲೆ ಮತ್ತು ಪ್ರತಿಕಾಯ ಪರೀಕ್ಷೆ

ಚರಿತ್ರೆಯ ಅಭ್ಯಾಸಿಗಳಾದ ನಾವು ಶಾಸನ, ಕಡತ, ಕೈಫಿಯತ್ತುಗಳ ಆಧಾರದಿಂದ ಗತಕಾಲವನ್ನು ಅರಿಯಲು ಯತ್ನಿಸುತ್ತೇವೆ. ರೋಗದ ಚರಿತ್ರೆಗೆ ಇನ್ನೊಂದು ಬಗೆಯ ದಾಖಲೆಯುಂಟು. ಅದು ಮನುಷ್ಯನ ರಕ್ತದಲ್ಲಿಯೇ ಉಳಿದಿರುತ್ತದೆ. ಇದಕ್ಕೆ ಉತ್ತಮ ನಿದರ್ಶನ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದೆ.

೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಣ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಕೆಲವರಲ್ಲಿ ರಕ್ತಸ್ರಾವವೂ ಕಂಡುಬಂದಿತು. ಮಂಗಗಳ ಸಾವನ್ನು ಕಂಡವರಿಗೆ ಇದು ಹಳದಿ ಜ್ವರವಿರಬಹುದೇ ಎಂಬ ಭಯವುಂಟಾಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ವೈರಸ್ಸನ್ನು ಬೇರ್ಪಡಿಸಿದರು. ಅದರ ಕುಲವನ್ನು ನಿರ್ಣಯಿಸಿದುದು ಪ್ರತಿಕಾಯಗಳ ನೆರವಿನಿಂದ. ರೋಗಾಣುವನ್ನು ಎದುರಿಸಲು ದೇಹವು ನಿರ್ಮಿಸುವ ಪ್ರೋಟೀನೇ ಪ್ರತಿಕಾಯ. ಪರಿಚಿತ ವೈರಸ್ಸೊಂದರ ಪ್ರತಿಕಾಯವುಳ್ಳ ರಕ್ತರಸವು ಹೊಸ ವೈರಸ್ಸಿನೊಡನೆಯೂ ಪ್ರತಿಕ್ರಿಯಿಸಿದರೆ, ಅವೆರಡಕ್ಕೂ ನಂಟುಂಟೆಂದು ತಿಳಿಯಬಹುದು. ಹೀಗೆ ಮಲೆನಾಡಿನ ಈ ವೈರಸ್ಸು ರಷ್ಯದ ವಸಂತ-ಗ್ರೀಷ್ಮ ಮಿದುಳುಜ್ವರದ ಗುಂಪಿಗೆ ಸೇರಿದುದೆಂದು ಗೊತ್ತಾಯಿತು. ಇದನ್ನು ಹರಡುವುದು ಉಣುಗು.

ಆದರೆ ೧೯೫೭ನ್ನು ಈ ರೋಗದ ಜನ್ಮವರ್ಷವೆನ್ನುವುದು ಸರಿಯಲ್ಲ. ಅದು ರೋಗವನ್ನು ಗುರುತಿಸಿದ ವರ್ಷ ಮಾತ್ರ. ಅದಕ್ಕೂ ಮುನ್ನವೇ ಸೌರಾಷ್ಟ್ರದ ಕೆಲವರ ರಕ್ತರಸದಲ್ಲಿ ಇದೇ ಗುಂಪಿನ ವೈರಸ್ಸಿಗೆ ವಿರುದ್ಧವಾದ ಪ್ರತಿಕಾಯಗಳು ದೊರೆತಿದ್ದವು. ಆದರೆ ಈ ಸಾಕ್ಷ್ಯವನ್ನೂ ಶಾಸನವನ್ನು ಓದುವಷ್ಟೇ ಎಚ್ಚರಿಕೆಯಿಂದ ಓದಬೇಕು. ಡೆಂಗೆ, ಜಪಾನಿ ಮಿದುಳುಜ್ವರ ಮೊದಲಾದವುಗಳ ವೈರಸ್ಸುಗಳೂ ದೂರದ ದಾಯಾದಿಗಳಾದುದರಿಂದ ಒಂದರ ಪ್ರತಿಕಾಯವು ಮತ್ತೊಂದರದೆಂದು ತೋರುವ ಸಂಭವವುಂಟು.

ಇಂದಿನ ರೋಗನಿರ್ಣಯದಲ್ಲಿ ಕಾಲವೇ ಮುಖ್ಯ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸು ರಕ್ತದಲ್ಲಿರುತ್ತದೆ; ಆಗ ಆರ್‌ಟಿ-ಪಿಸಿಆರ್ ಪರೀಕ್ಷೆ ಉಪಯುಕ್ತ. ಐಜಿಎಂ ಪ್ರತಿಕಾಯವು ಸಾಮಾನ್ಯವಾಗಿ ಐದನೆಯ ದಿನದ ಸುಮಾರಿಗೆ ಎಲೈಸಾ ಪರೀಕ್ಷೆಯಲ್ಲಿ ಕಾಣತೊಡಗುತ್ತದೆ. ಅನಂತರ ತೋರುವ ಐಜಿಜಿ ಬಹುಕಾಲ ಉಳಿಯುವುದರಿಂದ ಅದು ಹಿಂದಿನ ಸೋಂಕಿನ ಗುರುತು. ಆದುದರಿಂದ ಎರಡನೆಯ ದಿನವೇ ಪ್ರತಿಕಾಯವನ್ನು ಹುಡುಕಿ, ಕಾಣದೆ, ರೋಗವಿಲ್ಲವೆಂದು ನಿರ್ಧರಿಸಿದರೆ ಅನರ್ಥವಾದೀತು. ಜ್ವರ ಬಂದ ದಿನಾಂಕವನ್ನು ಬರೆದಿಡದ ವರದಿಯು ಕಾಲನಮೂದಿಲ್ಲದ ಕಡತದಂತೆ.

ಶಿವಮೊಗ್ಗೆಯ ಅಥವಾ ಭದ್ರಾವತಿಯ ಹೊಸಮನೆಯಂತಹ ಬಡಾವಣೆಗಳಲ್ಲಿ ನೆಲಸಿರುವವರಿಗೆ ಕಾಡು ದೂರವೆನಿಸಬಹುದು. ಆದರೆ ೨೦೧೮-೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗ ಮತ್ತೆ ಪ್ರಬಲಿಸಿ ಪ್ರಾಣಹಾನಿಯಾಯಿತು. ಈ ವೈರಸ್ಸನ್ನೇ ನಾಶಮಾಡುವ ಔಷಧವು ಇನ್ನೂ ಸಿದ್ಧಿಸಿಲ್ಲ, ಶುಶ್ರೂಷೆಯೇ ಆಧಾರ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವ ರೋಗದಲ್ಲಿ, ಸಕಾಲದ ಪರೀಕ್ಷೆಯು ರೋಗಿಯನ್ನು ಆಸ್ಪತ್ರೆಗೂ, ಎಚ್ಚರಿಕೆಯನ್ನು ಅವನ ಊರಿಗೂ ತಲಪಿಸುತ್ತದೆ. ತರಗೆಲೆ, ಸೌದೆ ತರಲು ಕಾಡಿಗೆ ಹೋಗುವವರ ಜೀವವು ಎಷ್ಟೋ ವೇಳೆ ಈ ಕೆಲವು ದಿನಗಳ ಲೆಕ್ಕವನ್ನು ಅವಲಂಬಿಸಿದೆ ಎಂಬುದನ್ನು ನಾವು ಮರೆಯಲಾಗದು.