ಬೆಳಗು (ಪದ)

ಬೆಳಗು ಎಂಬುದು ಕನ್ನಡದ ಅಚ್ಚ ದೇಶ್ಯ ಪದ. ನಾಮಪದವಾಗಿ ಇದಕ್ಕೆ ಪ್ರಾತಃಕಾಲ, ಕಾಂತಿ ಎಂಬ ಅರ್ಥಗಳಿವೆ. ಕ್ರಿಯಾಪದವಾಗಿ ಪ್ರಕಾಶಿಸು, ದೀಪವನ್ನು ಹೊತ್ತಿಸು, ಆರತಿ ಎತ್ತು, ಪಾತ್ರೆಯನ್ನು ಉಜ್ಜಿ ತೊಳೆ ಎಂಬ ಅರ್ಥಗಳಲ್ಲಿ ಬಳಕೆಯಾಗುತ್ತದೆ.

ವ್ಯುತ್ಪತ್ತಿ

ಬಿಳುಪು, ಹೊಳಪು ಎಂಬ ಅರ್ಥದ 'ವೆಳ್' ಎಂಬ ದ್ರಾವಿಡ ಮೂಲಕ್ಕೆ ಈ ಪದ ಸಂಬಂಧಿಸಿದೆ. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ಸಾಮಾನ್ಯ ನಿಯಮ. ತಮಿಳಿನ 'ವಿಲ್' ಕನ್ನಡದಲ್ಲಿ 'ಬಿಲ್ಲು' ಆಗಿರುವುದು ಹೀಗೆಯೇ. ತೆಲುಗಿನ 'ವೆಲುಗು', ಮಲಯಾಳದ 'ವೆಳಿಚ್ಚಂ', ತುಳುವಿನ 'ಬೊಲ್ಪು' ಇದರ ಜ್ಞಾತಿಪದಗಳು. ಕನ್ನಡದೊಳಗೇ ಬೆಳಕು, ಬಿಳಿ, ಬೆಳ್ಳಿ, ಬೆಳದಿಂಗಳು, ಹಳಗನ್ನಡದ ಬೆಳ್ಗೊಡೆ (ಶ್ವೇತಚ್ಛತ್ರ) ಇದೇ ಬಳಗದವು. ಅಡುಗೆಮನೆಯ ಬೆಣ್ಣೆಯೂ ಬೆಳ್ಳುಳ್ಳಿಯೂ ಇದಕ್ಕೆ ಸೇರಿದವು ಎಂಬುದು ಮೊದಲ ನೋಟಕ್ಕೆ ಹೊಳೆಯುವುದಿಲ್ಲ.

ಪಾತ್ರೆ ತೊಳೆಯುವುದಕ್ಕೂ ಸೂರ್ಯೋದಯಕ್ಕೂ ಒಂದೇ ಪದವಿರುವುದು ಆಕಸ್ಮಿಕವಲ್ಲ. ತಮಿಳಿನಲ್ಲಿ 'ವಿಳಂಗು' ಎಂದರೆ ತಾನೇ ಹೊಳೆ. 'ವಿಳಕ್ಕು' ಎಂದರೆ ಹೊಳೆಯುವಂತೆ ಮಾಡು. ದೀಪಕ್ಕೂ 'ವಿಳಕ್ಕು' ಎಂದೇ ಹೆಸರು, ಹಲ್ಲುಜ್ಜುವುದಕ್ಕೂ ಅದೇ ಕ್ರಿಯಾಪದ. ತಮಿಳು ಎರಡು ರೂಪಗಳಲ್ಲಿ ಬೇರ್ಪಡಿಸಿದ ಅಕರ್ಮಕ ಮತ್ತು ಸಕರ್ಮಕ ಅರ್ಥಗಳನ್ನು ಕನ್ನಡದ 'ಬೆಳಗು' ಒಂದರಲ್ಲೇ ಹೊತ್ತಿದೆ: ಸೂರ್ಯ ಬೆಳಗುತ್ತಾನೆ, ತಾಮ್ರದ ಕೊಡವನ್ನು ಬೆಳಗುತ್ತಾರೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಲೋಹ ನಿಜವಾಗಿಯೂ ಬೆಳಕನ್ನು ಪ್ರತಿಫಲಿಸಿ ಹೊಳೆಯುವುದರಿಂದ ಈ ಅರ್ಥವನ್ನು ಅಲಂಕಾರವೆನ್ನುವಂತಿಲ್ಲ.

ಪ್ರಾದೇಶಿಕ ಬಳಕೆ

ವಿಜಯಪುರ ಜಿಲ್ಲೆಯ ಸಾರವಾಡ, ಬಬಲೇಶ್ವರ, ತಿಕೋಟಾ ಭಾಗವನ್ನೊಳಗೊಂಡ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹೊತ್ತನ್ನು ಸೂಚಿಸಲು 'ಮುಂಜಾನೆ' ಹೆಚ್ಚು ರೂಢಿಯಲ್ಲಿದೆ. ಆದರೂ 'ಬೆಳಗಾತು' (ಬೆಳಗಾಯಿತು), 'ಬೆಳತನಕ' (ಬೆಳಗಾಗುವವರೆಗೆ) ಎಂಬ ರೂಪಗಳು ಬಳಕೆಯಲ್ಲಿವೆ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೂ ಭಜನೆಗೂ 'ಬೆಳತನಕ' ಎಂಬುದೇ ಅಳತೆ.

ಸಾಹಿತ್ಯದಲ್ಲಿ

ಹನ್ನೆರಡನೆಯ ಶತಮಾನದ ವಚನಕಾರರು 'ಬೆಳಗು' ಪದವನ್ನು ಅರಿವಿನ, ಪರತತ್ತ್ವದ ಸಂಕೇತವಾಗಿ ಬಳಸಿದರು. 'ಮಹಾಬೆಳಗು' ಎಂಬ ಪಾರಿಭಾಷಿಕ ಪದವೂ ಬಂದಿತು. ಸಂಸ್ಕೃತದ 'ಜ್ಯೋತಿ' ಕೈಗೆಟಕುವಂತಿದ್ದರೂ ಮನೆಮಾತಿನ ಪದ ಈ ಸ್ಥಾನ ಪಡೆದದ್ದು ಗಮನಾರ್ಹ. ವಿಜಯಪುರದಲ್ಲಿ ನೆಲೆಸಿದ್ದ ಫ. ಗು. ಹಳಕಟ್ಟಿ (1880–1964) ಅವರ ಸಂಗ್ರಹ ಮತ್ತು ಪ್ರಕಟಣೆಗಳಿಂದ ವಚನಗಳ ಈ ಶಬ್ದಸಂಪತ್ತು ಆಧುನಿಕ ಓದುಗರಿಗೆ ದೊರೆಯಿತು. ದ. ರಾ. ಬೇಂದ್ರೆಯವರ ಪ್ರಸಿದ್ಧ ಕವನವೊಂದರ ಶೀರ್ಷಿಕೆಯೂ 'ಬೆಳಗು'.

ಸಂಬಂಧವಿಲ್ಲದ ಪದಗಳು

ಪೈರು ಎಂಬರ್ಥದ 'ಬೆಳೆ' ಕೇಳಲು ಹತ್ತಿರವಾದರೂ ಬೇರೆ ಧಾತುವಿನದು. ಅದರ ತಮಿಳು ರೂಪ 'ವಿಳೈ'. ಬೆಳಗಾವಿಯ ಹೆಸರನ್ನು ಬೆಳಗಿಗೆ ಜೋಡಿಸುವುದುಂಟು, ಆದರೆ ಅದರ ಹಳೆಯ ಹೆಸರು ವೇಣುಗ್ರಾಮ, ಅಂದರೆ ಬಿದಿರಿನ ಊರು. ಶ್ರವಣಬೆಳಗೊಳದಲ್ಲಿರುವುದಾದರೋ ನಿಜವಾಗಿಯೂ 'ಬೆಳ್' ಮತ್ತು 'ಕೊಳ', ಬಿಳಿಯ ಕೊಳ.