ಎರಡನೇ ಲಕ್ವ ಎಲ್ಲಿಂದ ಬಂತು?

ಲಕ್ವದಿಂದ ಚೇತರಿಸಿಕೊಂಡವರಿಗೆ ಮತ್ತೆ ಹೊಡೆದರೆ ಮಂಡ್ಯದ ಕಡೆ ಊರಿನ ತೀರ್ಪು ಒಂದೇ: ‘ಮಾತ್ರೆ ಬಿಟ್ಟಿರ್ಬೇಕು, ಪಥ್ಯ ಮಾಡಿರಲ್ಲ.’ ಬಹಳ ಸಲ ಅದು ನಿಜವೂ ಹೌದು. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಇವೇ ಹೆಚ್ಚಿನ ಲಕ್ವಗಳ ಮೂಲ. ಆದರೆ ಒಂದು ಹೊತ್ತೂ ಮಾತ್ರೆ ತಪ್ಪಿಸದ, ನಲವತ್ತೂ ದಾಟದ ಹೆಂಗಸಿಗೆ ಎರಡನೇ ಸಲ ಬಾಯಿ ಸೊಟ್ಟಗಾದರೆ? ಆಗ ಬೈಗುಳದಿಂದ ಏನೂ ಗಿಟ್ಟುವುದಿಲ್ಲ.

ಮೊದಲ ಸುಳಿವು ಹಳೆಯ ಮತ್ತು ಹೊಸ ಸ್ಕ್ಯಾನ್‌ಗಳನ್ನು ಅಕ್ಕಪಕ್ಕ ಇಟ್ಟಾಗ ಸಿಗುತ್ತದೆ. ರಕ್ತ ಸಿಗದೆ ಸತ್ತ ಮಿದುಳಿನ ಜಾಗ ಎಂಆರ್‌ಐನಲ್ಲಿ ಕಲೆಯಾಗಿ ಉಳಿದಿರುತ್ತದೆ. ವಿ.ಸಿ. ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ರೈತರಿಗೆ ಈ ಲೆಕ್ಕ ಗೊತ್ತು: ಒಂದೇ ತೂಬು ಪದೇ ಪದೇ ಕಟ್ಟಿಕೊಂಡರೆ ದೋಷ ಆ ತೂಬಿನದು, ಇವತ್ತು ಒಂದು, ನಾಳೆ ಇನ್ನೊಂದು ಕಟ್ಟಿಕೊಂಡರೆ ಕಸ ಮೇಲಿನಿಂದ ತೇಲಿ ಬರುತ್ತಿದೆ. ಎರಡೂ ಸಲ ಒಂದೇ ರಕ್ತನಾಳದ ಹರವಿನಲ್ಲಿ ಕಲೆಯಿದ್ದರೆ ಆ ಬದಿಯ ಕುತ್ತಿಗೆಯ ಅಥವಾ ಮಿದುಳಿನ ನಾಳವನ್ನು ನೋಡಬೇಕು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಿದ್ದಿದ್ದರೆ ಅನುಮಾನ ಹೃದಯದ ಮೇಲೆ, ಇಲ್ಲವೇ ರಕ್ತದ ಮೇಲೆಯೇ. ಅದಕ್ಕೇ ಮಂಡ್ಯದ ಮಿಮ್ಸ್ ಆಸ್ಪತ್ರೆಯಿಂದ ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುವಾಗ ವರದಿಯ ಹಾಳೆಯೊಂದೇ ಸಾಲದು, ಹಳೆಯ ಫಿಲಂ ಕೂಡ ಬೇಕು.

ಹೃದಯ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಬಡಿತ ಆಗೀಗ ಮಾತ್ರ ತಾಳ ತಪ್ಪಿದರೆ ಕೆಲವೇ ಸೆಕೆಂಡುಗಳ ಇಸಿಜಿಗೆ ಕಾಣದು. ಕಾರಣ ತಿಳಿಯದ ಲಕ್ವದವರ ಎದೆಯ ಚರ್ಮದಡಿ ಪುಟ್ಟ ಯಂತ್ರವಿಟ್ಟು ನೋಡಿದ ಕ್ರಿಸ್ಟಲ್ ಎಎಫ್ ಅಧ್ಯಯನದಲ್ಲಿ (2014) ವರ್ಷದೊಳಗೆ ಶೇ 12.4 ಮಂದಿಯಲ್ಲಿ ಈ ಏರುಪೇರು ಪತ್ತೆಯಾಯಿತು. ಮಾಮೂಲಿ ತಪಾಸಣೆಯಲ್ಲಿ ಸಿಕ್ಕಿದ್ದು ಶೇ 2 ಮಾತ್ರ. ಚಿಕ್ಕಂದಿನ ಗಂಟಲುನೋವು, ಕೀಲುನೋವಿನ ಜ್ವರದಿಂದ (ಸಂಧಿವಾತ ಜ್ವರ) ಕೆಟ್ಟ ಹೃದಯದ ಕವಾಟವೂ ಹೀಗೆಯೇ ಅಡಗಿ ಕೂತಿರಬಹುದು. ಅದಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕು.

ರಕ್ತದ ಮೇಲೆ ಅನುಮಾನ ಬಂದರೆ ಕೇಳಬೇಕಾದ್ದು ಬೇರೆಯೇ ಪ್ರಶ್ನೆ: ಹಿಂದೆ ಗರ್ಭ ಇಳಿದಿತ್ತೇ? ಕಾಲು ಬಾತಿತ್ತೇ? ಅತ್ತೆ, ಗಂಡನ ಎದುರು ಹೆಂಗಸರು ಇದಕ್ಕೆ ಉತ್ತರ ಕೊಡುವುದು ಕಷ್ಟ. ಒಬ್ಬರನ್ನೇ ಕೂರಿಸಿ ಕೇಳುವುದು ವೈದ್ಯರ ಕೆಲಸ. ಇವು ಸುಳಿವು ಕೊಡಬಹುದಾದ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟಿಸುತ್ತದೆ. ಸೋಂಕು ಬಂದಾಗ ಇದರ ರಕ್ತ ಪರೀಕ್ಷೆ ತಾತ್ಕಾಲಿಕವಾಗಿ ಪಾಸಿಟಿವ್ ಆಗಬಹುದಾದ್ದರಿಂದ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಬಾಣಂತಿಗೆ ತಲೆನೋವು, ಫಿಟ್ಸ್ ಬಂದರೆ ಮಿದುಳಿನ ಅಭಿಧಮನಿ ಹೆಪ್ಪುಗಟ್ಟಿರಬಹುದು. ನಿಮ್ಹಾನ್ಸ್ ದಶಕಗಳಿಂದ ಅಭ್ಯಾಸ ಮಾಡಿದ ಕಾಯಿಲೆಯಿದು. ಬಾಣಂತಿಗೆ ನೀರು ಕೊಡದ ನಮ್ಮ ಕಟ್ಟುಪಾಡು ಅದಕ್ಕೆ ಇಂಬು ಕೊಡುತ್ತದೆ.

ಕಾರಣ ಸಿಕ್ಕರೆ ಮಾತ್ರೆ ಬದಲಾಗುತ್ತದೆ. ಆಸ್ಪಿರಿನ್ ಸಾಲದೆ ಹೋಗಬಹುದು. ರಕ್ತ ತೆಳುಮಾಡುವ ಹೊಸ ಮಾತ್ರೆಗಳೇ ಮೇಲೆಂದುಕೊಂಡರೂ ತಪ್ಪು: ಸಂಧಿವಾತ ಜ್ವರದಿಂದ ಕವಾಟ ಕೆಟ್ಟು ಬಡಿತವೂ ತಪ್ಪಿದವರಿಗೆ ರಿವರೊಕ್ಸಬಾನ್‌ಗಿಂತ ವಾರ್ಫರಿನ್ ಬಗೆಯ ಹಳೆಯ ಔಷಧವೇ ಮೇಲು ಎಂದು 2022ರ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ವಾರ್ಫರಿನ್ ನುಂಗುವವರು ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಿರಬೇಕು, ನಾಟಿ ಔಷಧ ಬೆರೆಸಬಾರದು. ಸೊಪ್ಪು ವಾರ್ಫರಿನ್‌ನ ಪರಿಣಾಮವನ್ನು ಬದಲಿಸುತ್ತದೆ, ಹಾಗೆಂದು ಸೊಪ್ಪಿನ ಬಸ್ಸಾರು ಬಿಡಬೇಕಿಲ್ಲ. ಒಂದು ವಾರ ರಾಶಿ, ಮರುವಾರ ಉಪವಾಸ ಆಗದಂತೆ ಅಳತೆ ಒಂದೇ ಇದ್ದರಾಯಿತು.