ಪತ್ತಾರರ ಕುಲುಮೆಯಿಂದ ಗಾಜಿನ ಮಳಿಗೆಗೆ

ಒಡವೆಯ ಮಾತು ಬಂದೊಡನೆ ನಮ್ಮ ಮನೆಗಳ ಹಿರಿಯರು ನೆನೆಯುವುದು ಪತ್ತಾರರನ್ನು. ಮದುವೆ ನಿಶ್ಚಯವಾದರೆ ಹಳೆಯ ಬಂಗಾರವನ್ನು ಗಂಟು ಕಟ್ಟಿಕೊಂಡು ಅವರ ಕುಲುಮೆಯ ಮುಂದೆ ಕುಳಿತು, ಕಣ್ಣೆದುರೇ ಕರಗಿಸಿ ಹೊಸದನ್ನು ಮಾಡಿಸುವುದು ವಾಡಿಕೆಯಾಗಿತ್ತು. ಇಷ್ಟಲಿಂಗದ ಬೆಳ್ಳಿಯ ಕರಡಿಗೆಯೂ ಅವರ ಕೈಯಿಂದಲೇ ಸಿದ್ಧವಾಗುತ್ತಿತ್ತು. ಶರಣ ಕಿನ್ನರಿ ಬ್ರಹ್ಮಯ್ಯನವರು ಮೊದಲು ಅಕ್ಕಸಾಲಿಗರಾಗಿದ್ದರೆಂಬ ಪ್ರತೀತಿಯುಂಟು. ಒರೆಗಲ್ಲೊಂದೇ ಸಾಕ್ಷಿ, ಉಳಿದುದೆಲ್ಲ ನಂಬಿಕೆ.

ಸಿದ್ಧ ಆಭರಣಗಳ ಅಂಗಡಿಗಳೂ ಹೊಸವಲ್ಲ. ಬೆಂಗಳೂರಿನ ಸಿ. ಕೃಷ್ಣಯ್ಯ ಚೆಟ್ಟಿಯವರ ಮಳಿಗೆ 1869ರಷ್ಟು ಹಳೆಯದು. ಆದರೆ ಈ ವ್ಯಾಪಾರದ ದಿಕ್ಕನ್ನು ಬದಲಿಸಿದ್ದು ಸರ್ಕಾರದ ಕಾನೂನುಗಳು. ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ, ಅರ್ಥಸಚಿವ ಮೊರಾರ್ಜಿ ದೇಸಾಯಿಯವರು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಆಭರಣಗಳ ತಯಾರಿಕೆಯನ್ನು ನಿಷೇಧಿಸಿದರು. ತಾಳಿಗೆ 22 ಕ್ಯಾರೆಟ್ಟಿನ ಬಂಗಾರವೇ ಬೇಕೆನ್ನುವ ಜನ ಅದನ್ನು ಒಪ್ಪಲಿಲ್ಲ. ಕೆಲಸವಿಲ್ಲದೆ ಬೀದಿಗೆ ಬಿದ್ದವರು ಮಾತ್ರ ಪತ್ತಾರರು. 1968ರ ಚಿನ್ನ ನಿಯಂತ್ರಣ ಕಾಯ್ದೆಯಂತೂ ಒಬ್ಬ ಅಕ್ಕಸಾಲಿಗನ ಬಳಿ 100 ಗ್ರಾಂಗಿಂತ ಹೆಚ್ಚು ಬಂಗಾರವಿರಕೂಡದೆಂದು ವಿಧಿಸಿತು. ಕಳ್ಳಸಾಗಣೆ ಕೊಬ್ಬಿತೇ ಹೊರತು ಬಂಗಾರದ ಮೋಹ ಇಳಿಯಲಿಲ್ಲ. 1990ರಲ್ಲಿ ಕಾಯ್ದೆ ರದ್ದಾಯಿತು. ದೊಡ್ಡ ಬಂಡವಾಳಕ್ಕೆ ಬಾಗಿಲು ತೆರೆಯಿತು.

ಟೈಟಾನ್ ಸಂಸ್ಥೆಯ ತನಿಷ್ಕ್ ಬಂದದ್ದು ಆ ದಶಕದಲ್ಲಿಯೇ. ಮೊದಲು 18 ಕ್ಯಾರೆಟ್ಟಿನ ಒಡವೆಗಳನ್ನು ಮಾರಹೊರಟ ಅದು ನಮ್ಮ ಗೃಹಿಣಿಯರ ಹಟಕ್ಕೆ ಸೋತು 22 ಕ್ಯಾರೆಟ್ಟಿಗೆ ಬರಬೇಕಾಯಿತು. ಅದರ ನಿಜವಾದ ಆಯುಧ ವಿನ್ಯಾಸವಲ್ಲ, ಕ್ಯಾರೆಟ್‌ಮೀಟರ್. ಒಡವೆಯನ್ನು ಕರಗಿಸದೆ, ಉಜ್ಜದೆ, ಎಕ್ಸ್‌ರೇ ಕಿರಣಗಳಿಂದ ಶುದ್ಧತೆಯನ್ನು ತೋರಿಸುವ ಆ ಯಂತ್ರದ ಮುಂದೆ ಎಷ್ಟೋ ತಾಯಂದಿರು ತಮ್ಮ ತವರಿನ ಬಳೆ 22 ಕ್ಯಾರೆಟ್ಟಿನದಲ್ಲವೆಂದು ತಿಳಿದು ಮಂಕಾದರು.

ಇದರಿಂದ ಪತ್ತಾರರೆಲ್ಲ ವಂಚಕರೆಂದು ಬಗೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಮೋಸವಿರಲಿಲ್ಲವೆಂದಲ್ಲ. ಆದರೆ ಕೊಂಡಿಗಳನ್ನು ಕೂಡಿಸುವ ಬೆಸುಗೆಯಲ್ಲಿ ತಾಮ್ರಾದಿ ಲೋಹಗಳು ಸೇರುವುದರಿಂದ, ಹೆಚ್ಚು ಬೆಸುಗೆಯ ಸರದಲ್ಲಿ ಒಟ್ಟು ಶುದ್ಧತೆ ಸಹಜವಾಗಿಯೇ ಇಳಿಯುತ್ತಿತ್ತು.

ಈಗ ಸಾಕ್ಷಿ ಹೇಳುವುದು ಹಾಲ್‌ಮಾರ್ಕ್. 2000ದಲ್ಲಿ ಐಚ್ಛಿಕವಾಗಿ ಆರಂಭವಾದ ಈ ಮುದ್ರೆ 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಆರು ಅಕ್ಷರಾಂಕಿಗಳ ಗುರುತಿನ ಸಂಖ್ಯೆಯೂ ಬೇಕು. ಮುದ್ರೆಯ 916 ಎಂದರೆ ಸಾವಿರ ಪಾಲಿನಲ್ಲಿ 916 ಪಾಲು ಬಂಗಾರ, ಅಂದರೆ 22 ಕ್ಯಾರೆಟ್. ಆದರೆ ಮುದ್ರೆ ಹೇಳುವುದು ಶುದ್ಧತೆಯನ್ನಷ್ಟೇ. ಮಜೂರಿ, ಸವಕಳಿಗಳ ಲೆಕ್ಕವನ್ನು ಬಿಲ್ಲಿನಲ್ಲಿಯೇ ನೋಡಬೇಕು. ಹರಳುಗಳ ತೂಕವನ್ನು ಬಂಗಾರದ ತೂಕದಿಂದ ಬೇರ್ಪಡಿಸಿ ಬರೆಸಿಕೊಳ್ಳಬೇಕು. ಅಜ್ಜಿಯ ಕಾಲದ, ಮುದ್ರೆಯಿಲ್ಲದ ಒಡವೆಯನ್ನು ಬದಲಿಸುವ ಮುನ್ನ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಅಲ್ಪ ಶುಲ್ಕಕ್ಕೆ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಕೈಯಲ್ಲಿ ಹಿಡಿದೇ ಮಳಿಗೆಯ ಮೆಟ್ಟಿಲು ಹತ್ತಬಹುದು.